ನಿಮಗಿದು ಗೊತ್ತೇ? ಭೀಮ ಹೊತ್ತ ಭಾರ

ಊರಾಚೆ ಒಂದು ಬಂಡೆ. ಅದರ ನೆತ್ತಿಯ ಮೇಲೆ ಆನೆ ಗಾತ್ರದ ಇನ್ನೊಂದು ಬಂಡೆ, ಈಗಲೋ ಆಗಲೋ ಉರುಳಿಬಿಡುತ್ತದೆ ಅನ್ನುವ ಹಾಗೆ ಕೂತಿದೆ. 'ಇದನ್ನ ಇಲ್ಲಿ ಯಾರಪ್ಪಾ ಇಟ್ಟರು?' ಎಂದು ಅಲ್ಲೇ ಕುರಿ ಕಾಯುವವರನ್ನು ಕೇಳಿ ನೋಡಿ. 'ಭೀಮ ಇಟ್ಟಿದ್ದು' ಎಂಬ ಉತ್ತರ ಬರುತ್ತದೆ. ಭೂವಿಜ್ಞಾನಿಗೆ ಒಂದು ಅಧ್ಯಾಯ ಬೇಕಾಗುವ ಪ್ರಶ್ನೆಯನ್ನು ಜನಪದ ಎರಡಕ್ಷರದಲ್ಲಿ ಮುಗಿಸಿಬಿಡುತ್ತದೆ. ಯಾರಿಂದಲೂ ಎತ್ತಲಾಗದ್ದು ಕಣ್ಣಿಗೆ ಬಿದ್ದರೆ ಅದರ ಕೆಳಗೆ ಭೀಮನ ರುಜು ಹಾಕುವುದು ನಮ್ಮ ದೇಶದ ಹಳೇ ರೂಢಿ. ಆ ರುಜು ಎಲ್ಲೆಲ್ಲಿ ಬಿದ್ದಿದೆ? ಬನ್ನಿ, ಎಣಿಸೋಣ.

ಹುಟ್ಟಿದಾಗಲೇ ಬಂಡೆ ಪುಡಿ

● ಭೀಮ ಮುರಿದ ಮೊದಲ ಕಲ್ಲು ಯಾವುದು ಗೊತ್ತೇ? ಅವನಿನ್ನೂ ಹಸುಗೂಸು. ಶತಶೃಂಗ ಪರ್ವತದಲ್ಲಿ ಕುಂತಿಯ ಮಡಿಲಲ್ಲಿ ಮಲಗಿದ್ದ. ಹುಲಿಗೆ ಹೆದರಿ ಕುಂತಿ ಮಗುವಿನ ನೆನಪೇ ಇಲ್ಲದೆ ದಡಕ್ಕನೆ ಎದ್ದಳು, ಮಗು ಬಂಡೆಯ ಮೇಲೆ ಬಿತ್ತು. ನುಚ್ಚುನೂರಾದದ್ದು ಬಂಡೆ!

● ಶತಶೃಂಗ ಎಂಬ ಹೆಸರಿನ ಬೆಟ್ಟಸಾಲು ನಮ್ಮಲ್ಲೂ ಇದೆ. ಕೋಲಾರ ಪಟ್ಟಣಕ್ಕೆ ಅಂಟಿಕೊಂಡ, ಅಂತರಗಂಗೆಯಿರುವ ಬೆಟ್ಟವನ್ನು ಶತಶೃಂಗ ಪರ್ವತವೆಂದೇ ಕರೆಯುತ್ತಾರೆ. ಅಲ್ಲಿ ಒಡೆದು ಚೆಲ್ಲಾಡಿದ ಬಂಡೆಗಳ ರಾಶಿ ಕಂಡವರಿಗೆ ಕಥೆ ತಾನಾಗಿಯೇ ನೆನಪಾಗುತ್ತದೆ.

● 'ಹತ್ತು ಸಾವಿರ ಆನೆಗಳ ಬಲ' ಎನ್ನುತ್ತೇವಲ್ಲ, ಅದರಲ್ಲೊಂದು ಶ್ಲೇಷೆ ಅಡಗಿದೆ. ದುರ್ಯೋಧನ ವಿಷವಿಕ್ಕಿ ಗಂಗೆಗೆ ತಳ್ಳಿದಾಗ ಬಾಲಕ ಭೀಮ ನಾಗಲೋಕ ಸೇರಿದ. ಅಲ್ಲಿ ಒಂದೊಂದು ಕೊಡದಲ್ಲೂ ಸಾವಿರ 'ನಾಗ'ಗಳ ಬಲವಿದ್ದ ರಸವನ್ನು ಎಂಟು ಕೊಡ ಕುಡಿದು, ಎಂಟು ದಿನ ಮಲಗಿ ಎದ್ದ. ಸಂಸ್ಕೃತದಲ್ಲಿ ನಾಗ ಎಂದರೆ ಹಾವೂ ಹೌದು, ಆನೆಯೂ ಹೌದು. ಹಾವುಗಳ ಮನೆಯಲ್ಲಿ ಕುಡಿದದ್ದು ಆನೆಗಳ ಬಲವಾಗಿ ಹೊರಬಂತು.

● ಅರಗಿನ ಮನೆ ಹೊತ್ತಿ ಉರಿದ ರಾತ್ರಿ ಪಾಂಡವರು ಸುರಂಗದಿಂದ ಹೊರಬಿದ್ದರು. ನಿದ್ದೆಗೆಟ್ಟು, ದಣಿದು, ಯಾರಿಗೂ ಹೆಜ್ಜೆ ಎತ್ತಿಡಲಾಗಲಿಲ್ಲ. ಭೀಮ ತಾಯಿಯನ್ನು ಹೆಗಲ ಮೇಲೆ ಕೂರಿಸಿಕೊಂಡ, ನಕುಲ ಸಹದೇವರನ್ನು ಸೊಂಟದ ಎರಡು ಬದಿಗೆ ಎತ್ತಿಕೊಂಡ, ಧರ್ಮರಾಯ ಮತ್ತು ಅರ್ಜುನರನ್ನು ಕೈಯಲ್ಲಿ ಹಿಡಿದುಕೊಂಡ. ಹಾಗೇ ಕಾಡು ನುಗ್ಗಿದ. ಮಹಾಭಾರತದಲ್ಲಿ ಅವನ ಬಲದ ಮೊದಲ ದೊಡ್ಡ ಪ್ರದರ್ಶನ ಯಾರನ್ನೋ ಕೊಂದದ್ದಲ್ಲ, ಮನೆಮಂದಿಯನ್ನು ಹೊತ್ತದ್ದು. ಮುಂದೆ ಓದುವಾಗ ಈ ಚಿತ್ರ ನೆನಪಿರಲಿ.

ಹೊಟ್ಟೆಯ ಲೆಕ್ಕ

● ಭೀಮನ ಇನ್ನೊಂದು ಹೆಸರು ವೃಕೋದರ. ವೃಕ ಎಂದರೆ ತೋಳ. ಹೊಟ್ಟೆಯಲ್ಲಿ ತೋಳ ಸಾಕಿಕೊಂಡವನು ಎಂದು ಅರ್ಥ ಮಾಡಿಕೊಂಡರೂ ಅಡ್ಡಿಯಿಲ್ಲ!

● ಬಕಾಸುರನ ದಿನದ ಊಟದ ಪಟ್ಟಿ: ಒಂದು ಬಂಡಿ ಅನ್ನ, ಎರಡು ಕೋಣ, ಜೊತೆಗೆ ಬಂಡಿ ಹೊಡೆದುಕೊಂಡು ಬಂದ ಮನುಷ್ಯ. ಏಕಚಕ್ರ ನಗರದ ಮನೆಗಳು ಸರದಿಯಂತೆ ಕಳಿಸಬೇಕು.

● ಭೀಮ ಆ ಬಂಡಿ ಹೊಡೆದುಕೊಂಡು ಹೋದವನು ಮಾಡಿದ್ದೇನು? ಮೊದಲು ಊಟಕ್ಕೆ ಕೂತ. ಬಕ ಬಂದು ಹಿಂದಿನಿಂದ ಎರಡೂ ಕೈಯಲ್ಲಿ ಬೆನ್ನಿಗೆ ಗುದ್ದಿದ. ಭೀಮ ತಿರುಗಿ ನೋಡಲಿಲ್ಲ, ತುತ್ತು ನಿಲ್ಲಿಸಲಿಲ್ಲ. ಬಕ ಮರ ಕಿತ್ತುಕೊಂಡು ಬಂದ. ಭೀಮ ಸಾವಕಾಶವಾಗಿ ಕೊನೆಯ ಅಗುಳನ್ನೂ ಮುಗಿಸಿ, ಕೈತೊಳೆದು, ಆಮೇಲೆ ಎದ್ದು ನಿಂತ. ಊಟದ ನಡುವೆ ಏಳಬಾರದು ಎಂಬ ಅಜ್ಜಿಯರ ಕಟ್ಟಪ್ಪಣೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವನು ಬೇರೊಬ್ಬನಿರಲಾರ.

● ಆ ಏಕಚಕ್ರ ನಗರ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರವೇ ಎನ್ನುವುದು ನಮ್ಮವರ ನಂಬಿಕೆ. ಯೋಗಿ ನಾರೇಯಣ ತಾತಯ್ಯನವರ ಕೈವಾರದಲ್ಲಿ ಭೀಮಲಿಂಗೇಶ್ವರ ಗುಡಿಯಿದೆ. ಬಕನನ್ನು ಕೊಂದ ಮೇಲೆ ಭೀಮನೇ ಪ್ರತಿಷ್ಠಾಪಿಸಿದ ಲಿಂಗವೆಂದು ಸ್ಥಳಪುರಾಣ ಹೇಳುತ್ತದೆ. ಪಕ್ಕದ ಬೆಟ್ಟಕ್ಕೂ ಬಕನ ಕಥೆ ಸುತ್ತಿಕೊಂಡಿದೆ.

● ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲೂ ಒಂದು ಏಕಚಕ್ರ ಇದೆ. ಚೈತನ್ಯ ಮಹಾಪ್ರಭುಗಳ ಸಂಗಡಿಗ ನಿತ್ಯಾನಂದರು ಹುಟ್ಟಿದ ಊರದು. ಅಲ್ಲಿಯವರೂ ಬಕನನ್ನು ಬಿಟ್ಟುಕೊಡಲು ತಯಾರಿಲ್ಲ. ಕೊಂದವನು ಒಬ್ಬನೇ, ಸತ್ತವನೂ ಒಬ್ಬನೇ, ಊರು ಮಾತ್ರ ಹಲವು!

● ತಿನ್ನುವವನಿಗೆ ಅಡುಗೆಯೂ ಗೊತ್ತಿತ್ತು. ಅಜ್ಞಾತವಾಸದಲ್ಲಿ ವಿರಾಟನ ಅರಮನೆಯ ಅಡುಗೆಭಟ್ಟ ವಲಲ ಭೀಮನೇ. ಕೇರಳದವರ ಅವಿಯಲ್ ಕೂಡ ಅವನದೇ ಕೈಚಳಕವಂತೆ. ಇದ್ದಬದ್ದ ತರಕಾರಿಯನ್ನೆಲ್ಲ ಕೊಚ್ಚಿ, ತೆಂಗಿನಕಾಯಿ ರುಬ್ಬಿ ಸುರಿದನಂತೆ. ಹೆಸರು ಕೆಡಲಿಲ್ಲ, ಪದಾರ್ಥವೂ ಕೆಡಲಿಲ್ಲ.

● ಉಪವಾಸವೆಂದರೆ ಭೀಮನಿಗಾಗದು. ವರ್ಷದ ಎಲ್ಲ ಏಕಾದಶಿಗಳ ಬದಲು ಒಂದೇ ಒಂದು ದಿನ, ನೀರನ್ನೂ ಮುಟ್ಟದೆ ಇದ್ದರೆ ಸಾಕೆಂದು ವ್ಯಾಸರು ರಿಯಾಯಿತಿ ಕೊಟ್ಟರಂತೆ. ಜ್ಯೇಷ್ಠ ಶುಕ್ಲದ ಆ ನಿರ್ಜಲ ಏಕಾದಶಿಗೆ ಭೀಮ ಏಕಾದಶಿ ಎಂದೇ ಹೆಸರು.

ಕನ್ನಡ ನಾಡಿನ ಕಲ್ಲುಗಳಲ್ಲಿ

● ಚಿತ್ರದುರ್ಗದ ಮೇಲುದುರ್ಗದಲ್ಲಿ ಹಿಡಿಂಬೇಶ್ವರ ದೇವಾಲಯವಿದೆ. ಭೀಮನ ಕೈಯಲ್ಲಿ ಸತ್ತ ಹಿಡಿಂಬ ಇಲ್ಲಿಯವನೇ ಎಂದು ಕೋಟೆಯ ಕಥೆ. ಅವನ ಹಲ್ಲು ಎಂದು ತೋರಿಸುವ ವಸ್ತುವೊಂದು ಗುಡಿಯಲ್ಲಿದೆ. ಕಬ್ಬಿಣದ ತಗಡಿನ ಭಾರೀ ಉರುಳೆಯೊಂದನ್ನು ಭೀಮನ ಭೇರಿ ಎನ್ನುತ್ತಾರೆ. ಹಳೆಯ ಮೈಸೂರು ಗೆಜೆಟಿಯರ್ ಕೊಟ್ಟ ಅಳತೆ: ಎತ್ತರ 6 ಅಡಿ, ಸುತ್ತಳತೆ 10 ಅಡಿ. ಬಡಿಯುವ ಕೋಲಿನ ಅಳತೆ ನೀವೇ ಊಹಿಸಿಕೊಳ್ಳಿ.

● ಹಿಡಿಂಬನನ್ನು ಕೊಂದವನು ಅವನ ತಂಗಿಯನ್ನೇ ಮದುವೆಯಾದ. ಆ ತಂಗಿಯ ಗುಡಿ ಎಲ್ಲಿದೆ ಗೊತ್ತೇ? ಚಿತ್ರದುರ್ಗದಿಂದ ಎಷ್ಟೋ ದೂರ, ಹಿಮಾಚಲದ ಮನಾಲಿಯಲ್ಲಿ. ದೇವದಾರು ಕಾಡಿನ ನಡುವೆ 1553ರಲ್ಲಿ ಕಟ್ಟಿದ ಮರದ ಗುಡಿ. ಕುಲ್ಲು ದಸರಾಕ್ಕೆ ಹಿಡಿಂಬಾ ದೇವಿ ದಯಮಾಡಿಸಲೇಬೇಕು. ಅಣ್ಣ ದಕ್ಷಿಣದಲ್ಲಿ, ತಂಗಿ ಉತ್ತರದಲ್ಲಿ. ನಡುವೆ ಭೀಮ ಎಷ್ಟು ನಡೆದನೋ!

● ಹಂಪಿಯಲ್ಲಿ ಗಾಣಗಿತ್ತಿ ಬಸದಿಯ ಹತ್ತಿರ ಭೀಮನ ಹೆಬ್ಬಾಗಿಲು ಇದೆ. ಒಳಗೆ ಕೆತ್ತಿದ ಚಿತ್ರಗಳು ಮೂರು ಕಥೆ ಹೇಳುತ್ತವೆ: ಸೌಗಂಧಿಕಾ ಪುಷ್ಪ ತಂದದ್ದು, ಕೀಚಕನನ್ನು ಕೊಂದದ್ದು, ದ್ರೌಪದಿ ಮುಡಿ ಕಟ್ಟಿಕೊಂಡದ್ದು. ಕೋಟೆಯ ಕಾವಲಿಗೆ ಗದೆ ಹಿಡಿದ ಭೀಮನೊಬ್ಬ ಸಾಕಿತ್ತು. ಶಿಲ್ಪಿ ಆರಿಸಿದ್ದು ಮಾತ್ರ ಒಬ್ಬ ಹೆಣ್ಣಿಗಾಗಿ ಅವನು ಮಾಡಿದ ಮೂರು ಕೆಲಸಗಳನ್ನು.

● ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಆನೆಗಳ ಮೇಲೇರಿ ಹೋಗುವ ಭೀಮ ಕಾಣುತ್ತಾನೆ. ಭಗದತ್ತನ ಆನೆಪಡೆಯ ಪ್ರಸಂಗವದು. ಒಂದೇ ಸಾಲಿನ ಕಲ್ಲಿನಲ್ಲಿ ಆನೆಗಳು ಕುಸಿಯುವ ಪರಿ ನೋಡಲು ಕುತ್ತಿಗೆ ನೋಯುವಷ್ಟು ಹೊತ್ತು ನಿಲ್ಲಬೇಕು.

● ಹತ್ತನೆಯ ಶತಮಾನದಲ್ಲಿ ಕನ್ನಡ ಕವಿಗಳು ಅಣ್ಣತಮ್ಮಂದಿರನ್ನು ಹಂಚಿಕೊಂಡುಬಿಟ್ಟಿದ್ದರು! 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ. ಮುಧೋಳದ ರನ್ನ ತನ್ನ ಒಡೆಯ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಅವನ 'ಗದಾಯುದ್ಧ'ಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಗೆದ್ದವನು ಭೀಮ, ಓದುಗರ ಕಣ್ಣೀರು ಗೆದ್ದವನು ದುರ್ಯೋಧನ.

● ಗದುಗಿನ ನಾರಣಪ್ಪನ ಭಾರತದಲ್ಲಿ, ಕೀಚಕನಿಂದ ನೊಂದ ದ್ರೌಪದಿ ನಡುರಾತ್ರಿ ಹುಡುಕಿಕೊಂಡು ಹೋಗುವುದು ಧರ್ಮಜ್ಞನನ್ನಲ್ಲ, ಬಿಲ್ಲುಗಾರನನ್ನೂ ಅಲ್ಲ. ಅಡುಗೆಮನೆಯಲ್ಲಿ ಮಲಗಿದ್ದ ಭೀಮನನ್ನು. ಗಮಕಿಗಳು ಈ ಭಾಗಕ್ಕೆ ಬಂದಾಗ ಸಭೆ ಉಸಿರು ಬಿಗಿಹಿಡಿಯುತ್ತದೆ.

● 1979ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ 'ಪರ್ವ' ಭೀಮನಿಂದ ದೈವಾಂಶವನ್ನೆಲ್ಲ ಕಳಚಿಟ್ಟಿತು. ಉಳಿದದ್ದು ಬೆವರು, ಹಸಿವು, ಸಿಟ್ಟು, ಪ್ರೀತಿ. ಆಗಲೂ ಅವನು ಚಿಕ್ಕವನಾಗಲಿಲ್ಲ.

● ಎಲ್ಲ ಭಾರೀ ಕಲ್ಲೂ ಭೀಮನ ಲೆಕ್ಕಕ್ಕೇ ಹೋಗುತ್ತದೆಂದುಕೊಂಡಿರಾ? ಗಂಗಾವತಿ ಸಮೀಪದ ಹಿರೇಬೆಣಕಲ್ ಬೆಟ್ಟದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಶಿಲಾಸಮಾಧಿಗಳು ಸುಮಾರು 400 ಇವೆ. ಗೋಡೆಗೆ ಚಪ್ಪಡಿ, ಸೂರಿಗೂ ಚಪ್ಪಡಿ. ಸುತ್ತಲಿನ ಜನ ಅದನ್ನು ಕರೆಯುವುದು ಮೋರ‍್ಯರ ಗುಡ್ಡ ಎಂದು. ಮೋರ‍್ಯರು ಎಂದರೆ ಕುಳ್ಳರು! ಅಂಗೈಯಗಲದ ಜನ ಅಷ್ಟು ದೊಡ್ಡ ಚಪ್ಪಡಿ ಎತ್ತಿದರಂತೆ. ಭೀಮನಿಗಿಂತ ದೊಡ್ಡ ಕಲ್ಪನೆ ಇದೇ ಇರಬೇಕು.

ವಾಯುಪುತ್ರರ ಪರಂಪರೆ

● ಹನುಮ, ಭೀಮ, ಮಧ್ವ: ಮಾಧ್ವ ಸಂಪ್ರದಾಯದಲ್ಲಿ ವಾಯುವಿನ ಮೂರು ಅವತಾರಗಳು. ಹಾಗಾಗಿ ದ್ವೈತ ಮತದ ಆಚಾರ್ಯರ ಬಗ್ಗೆ ಕರಾವಳಿ, ಮಲೆನಾಡಿನಲ್ಲಿ ಹಬ್ಬಿದ ಕಥೆಗಳಲ್ಲಿ ಶಾಸ್ತ್ರದಷ್ಟೇ ತೋಳ್ಬಲವೂ ಉಂಟು.

● ಉಡುಪಿ ಬಳಿಯ ಪಾಜಕದಲ್ಲಿ ಮಧ್ವರು ಮಗುವಾಗಿದ್ದಾಗ ಅಮ್ಮ ಮನೆಯಲ್ಲಿಲ್ಲದ ಹೊತ್ತು ಹಸಿದು ಅತ್ತರಂತೆ. ಏನು ಕೊಡಬೇಕೋ ತಿಳಿಯದೆ ಅಕ್ಕ, ಎತ್ತುಗಳಿಗೆಂದು ಬೇಯಿಸಿಟ್ಟ ಹುರುಳಿಯನ್ನೇ ತಿನ್ನಿಸಿದಳು. ಮಗು ಜೀರ್ಣಿಸಿಕೊಂಡಿತು! ವಿಷ ಅರಗಿಸಿಕೊಂಡ ಭೀಮನಿಗೂ ಹುರುಳಿ ಅರಗಿಸಿಕೊಂಡ ಕೂಸಿಗೂ ಕಥೆಗಾರ ಸದ್ದಿಲ್ಲದೆ ಗಂಟು ಹಾಕಿದ್ದಾನೆ.

● ಕಾರ್ಕಳದ ಕಡೆಯ ಕಾಂತಾವರ ದೇವಾಲಯಕ್ಕೆ, ಮೂವತ್ತು ಜನ ಹೊರಬೇಕಾದ ಧ್ವಜಸ್ತಂಭವನ್ನು ಒಬ್ಬನೇ ಹೊತ್ತ ಕಡಂಜರಿ ಎಂಬ ಬಲಶಾಲಿಯ ಕಥೆ 'ಸುಮಧ್ವವಿಜಯ'ದಲ್ಲಿದೆ. ಆಚಾರ್ಯರು ನೆಲಕ್ಕೊತ್ತಿದ ಬೆರಳನ್ನು ಎತ್ತಲು ಅವನಿಂದಾಗಲಿಲ್ಲ. ಧ್ವಜಸ್ತಂಭ ಎತ್ತಿದವನು ಬೆರಳಿಗೆ ಸೋತ.

● ಚಿಕ್ಕಮಗಳೂರು ಜಿಲ್ಲೆಯ ಕಳಸದ ಹತ್ತಿರ, ಭದ್ರಾ ನದಿಯ ಅಂಬುತೀರ್ಥಕ್ಕೆ ಹೋದವರು ಅಲ್ಲಿನ ಬಂಡೆಯನ್ನು ತಪ್ಪದೆ ನೋಡಬೇಕು. ಹೊಳೆ ಅಲ್ಲಿ ಕಲ್ಲುಗಳ ನಡುವೆ ಇರುಕಿಕೊಂಡು, ಮೊರೆಯುತ್ತಾ ಹರಿಯುತ್ತದೆ. ದಂಡೆಯ ಹೆಬ್ಬಂಡೆಯ ಮೇಲೆ ಸಂಸ್ಕೃತದಲ್ಲಿ ಒಂದು ಸಾಲು ಕೊರೆದಿದೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದು ಇಟ್ಟ ಶಿಲೆ ಇದು ಎಂದು ಅದರ ತಾತ್ಪರ್ಯ. ಬೇರೆ ಊರಿನ ಬಂಡೆಗಳಿಗೆ ಬಾಯಿಮಾತಿನ ಸಾಕ್ಷಿ, ಈ ಬಂಡೆಗೆ ಶಾಸನದ ಸಾಕ್ಷಿ. ಬಲದ ಕಥೆಗೆ ಕಲ್ಲಿನಲ್ಲೇ ರಸೀದಿ ಸಿಕ್ಕ ಅಪರೂಪದ ಜಾಗ.

● ತುಳುನಾಡಿನವರನ್ನು ಕೇಳಿದರೆ ಭೀಮನ ಜಾಗದಲ್ಲಿ ಇನ್ನೊಂದು ಹೆಸರು ಬರುತ್ತದೆ: ಅಗೋಳಿ ಮಂಜಣ್ಣ. ಊಟದಲ್ಲೂ ಅವನೇ, ಎತ್ತುವುದರಲ್ಲೂ ಅವನೇ. ಜನಪದದ ಸೂತ್ರ ಎಲ್ಲ ಕಡೆ ಒಂದೇ: ಮೊದಲು ಹೊಟ್ಟೆ ಅಳೆ, ಆಮೇಲೆ ತೋಳು ಅಳೆ.

ಊರೂರಿಗೆ ಒಬ್ಬ ಭೀಮ

● ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಗಳನ್ನು 1957ರಲ್ಲಿ ಬೆಳಕಿಗೆ ತಂದವರು ವಿ.ಎಸ್. ವಾಕಣಕರ್. ಆದಿಮಾನವರ ಚಿತ್ರಗಳಿರುವ ಈ ತಾಣ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೆಸರಿನ ಅರ್ಥ ಮಾತ್ರ ಸರಳ: ಭೀಮ ಕೂತ ಜಾಗ.

● ಬದರಿಯಾಚೆಯ ಮಾಣಾ ಗ್ರಾಮದಲ್ಲಿ ಸರಸ್ವತಿ ಹೊಳೆಗೆ ಒಂದೇ ಬಂಡೆಯ ಸೇತುವೆ ಇದೆ, ಭೀಮ್‌ಪುಲ್. ಸ್ವರ್ಗಾರೋಹಣಕ್ಕೆ ಹೊರಟಾಗ ದ್ರೌಪದಿಗೆ ಹೊಳೆ ದಾಟಲಾಗಲಿಲ್ಲ, ಭೀಮ ಬಂಡೆ ಎತ್ತಿ ಅಡ್ಡ ಹಾಕಿದ. ಸಾಯಲು ಹೊರಟ ದಾರಿಯಲ್ಲೂ ಹೆಂಡತಿಯ ಕಾಲು ಒದ್ದೆಯಾಗಬಾರದು!

● ನಾಗಾಲ್ಯಾಂಡಿನ ದೀಮಾಪುರದಲ್ಲಿ ಕಛಾರಿ ಅರಸರ ಕಾಲದ ಅಣಬೆಯಾಕಾರದ ಕಲ್ಲುಕಂಬಗಳಿವೆ. ಭೀಮನೂ ಮಗ ಘಟೋತ್ಕಚನೂ ಚದುರಂಗ ಆಡಿದ ಕಾಯಿಗಳಂತೆ. ಯಾರು ಗೆದ್ದರೋ, ಕಾಯಿಗಳನ್ನು ಎತ್ತಿಡದೆ ಹೋಗಿದ್ದಾರೆ.

● ಈಗ ಬಾಂಗ್ಲಾದೇಶದಲ್ಲಿರುವ ಬಾದಲ್ ಎಂಬಲ್ಲಿ ಪಾಲ ಅರಸರ ಕಾಲದ ಗರುಡಗಂಬವಿದೆ. ವಿದ್ವಾಂಸರಿಗೆ ಅದು ಶಾಸನ. ಊರವರಿಗೆ 'ಭೀಮೇರ್ ಪಾಂಟಿ', ಅಂದರೆ ಭೀಮ ದನ ಹೊಡೆಯುತ್ತಿದ್ದ ಬಾರುಕೋಲು. ಬಂಗಾಳದ ಶಿವಾಯನ ಕಾವ್ಯಗಳಲ್ಲಿ ಶಿವ ಒಬ್ಬ ರೈತ, ಭೀಮ ಅವನ ಹೊಲದಾಳು.

● ಗೊಂಡರಿಗೆ ಭೀಮ ಮಳೆ ತರುವ ದೇವರು. ನೇಪಾಳದ ನೇವಾರರಿಗೆ ವ್ಯಾಪಾರಿಗಳ ದೇವರು. ಪಾಟನ್‌ನ ಅರಮನೆ ಚೌಕದಲ್ಲೇ ಅವನ ಗುಡಿಯಿದೆ. ದೋಲಖಾದ ಭೀಮಸೇನನ ಕಲ್ಲು ಬೆವರಿದರೆ ದೇಶಕ್ಕೆ ಏನೋ ಕಾದಿದೆ ಎಂದು ಅಲ್ಲಿನವರು ಆತಂಕಪಡುತ್ತಾರೆ. ನಮ್ಮಲ್ಲಿ ರನ್ನ ಬೇರೆ ಚಮತ್ಕಾರ ಮಾಡಿದ್ದ: ಅವನ ಕಾವ್ಯದಲ್ಲಿ ಭೀಮ ಗರ್ಜಿಸಿದರೆ ಕೊಳದೊಳಗೆ ಅಡಗಿದ್ದ ದುರ್ಯೋಧನನಿಗೆ ಬೆವರು!

● ಜಾವಾದ ವಯಾಂಗ್ ಬೊಂಬೆಯಾಟದ ಬೀಮನಿಗೆ ಒಂದು ವಿಚಿತ್ರ ಹಠ. ಜಾವಾ ಭಾಷೆಯಲ್ಲಿ ಹಿರಿಯರ ಮುಂದೆ ಒಂದು ಮಾತು, ಗೆಳೆಯರ ಮುಂದೆ ಇನ್ನೊಂದು ಮಾತು ಎಂಬ ಕಟ್ಟುನಿಟ್ಟು ಮರ್ಯಾದೆಯುಂಟು. ಬೀಮ ಎಲ್ಲರೊಂದಿಗೂ ಆಡುವುದು ಏಕವಚನದಂಥ ಬರೀ ಮಾತು. ರಾಜನಾದರೂ ಅಷ್ಟೇ, ಗುರುವಾದರೂ ಅಷ್ಟೇ. ಯಾರೂ ತಪ್ಪು ತಿಳಿಯುವುದಿಲ್ಲ, ಏಕೆಂದರೆ ಅವನ ನಾಲಿಗೆಯಲ್ಲಿ ಸುಳ್ಳಿಲ್ಲ.

● ಅದೇ ಬೀಮ ಸಮುದ್ರದ ನಡುವೆ ತನ್ನದೇ ರೂಪದ, ಬೊಂಬೆಯಷ್ಟು ಪುಟ್ಟ ದೇವರು ದೇವ ರುಚಿಯನ್ನು ಕಾಣುತ್ತಾನೆ. 'ನನ್ನ ಎಡಗಿವಿಯೊಳಗೆ ಬಾ' ಎನ್ನುತ್ತಾನೆ ದೇವರು. ಬೆಟ್ಟದಂಥವನು ಹೊಕ್ಕುತ್ತಾನೆ, ಒಳಗೆ ಇಡೀ ಬ್ರಹ್ಮಾಂಡವಿದೆ. ಬಲಭೀಮನನ್ನು ಜ್ಞಾನಿಯಾಗಿಸಿದ ಕೀರ್ತಿ ಜಾವಾದವರದು.

● 1907ರಲ್ಲಿ ಕೆ.ಪಿ. ಖಾಡಿಲ್ಕರ್ ಬರೆದ 'ಕೀಚಕವಧ' ಮರಾಠಿ ನಾಟಕವನ್ನು ಬ್ರಿಟಿಷ್ ಸರ್ಕಾರ 1910ರಲ್ಲಿ ನಿಷೇಧಿಸಿತು. ಕೀಚಕನಲ್ಲಿ ಪ್ರೇಕ್ಷಕರಿಗೆ ಲಾರ್ಡ್ ಕರ್ಜನ್ ಕಾಣುತ್ತಿದ್ದ. ಭೀಮ ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೆಸರು ನೋಡಿ ಮೋಸಹೋಗಬೇಡಿ

● ಆಷಾಢದ ಕೊನೆಯ ದಿನ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ, ದೀಪದ ಕಂಬ, ಅಣ್ಣತಮ್ಮಂದಿರು ಹೊಸಿಲ ಮೇಲೆ ಮೊಣಕೈಯಿಂದ ಭಂಡಾರ ಒಡೆಯುವ ಗಮ್ಮತ್ತು. ಆದರೆ ಈ ಭೀಮ ಗದೆಯ ಭೀಮನಲ್ಲ. ಜ್ಯೋತಿರ್ಭೀಮೇಶ್ವರ, ಅಂದರೆ ಶಿವ.

● ಭೀಮಾ ನದಿಯೂ ಪಾಂಡವನದಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ವಿಜಯಪುರ, ಕಲಬುರಗಿ ಸೀಮೆ ಬಳಸಿಕೊಂಡು ರಾಯಚೂರಿನ ಬಳಿ ಕೃಷ್ಣೆ ಸೇರುವ ಈ ಹೊಳೆ ತ್ರಿಪುರ ಸಂಹಾರ ಮಾಡಿ ದಣಿದ ಶಿವನ ಬೆವರು ಎನ್ನುತ್ತದೆ ಪುರಾಣ.

ಬಲಕ್ಕೂ ಒಂದು ಮಿತಿ

● ಸೌಗಂಧಿಕಾ ಹೂವಿಗೆ ಹೊರಟ ಭೀಮನ ದಾರಿಗೆ ಒಂದು ಮುದಿ ಕೋತಿಯ ಬಾಲ ಅಡ್ಡ. ಎಡಗೈಯಲ್ಲಿ ತಳ್ಳಿದ, ಎರಡೂ ಕೈ ಹಾಕಿದ, ಬೆವರು ಸುರಿಯಿತು, ಬಾಲ ಅಲುಗಲಿಲ್ಲ. ಆಗ ತಲೆತಗ್ಗಿಸಿ 'ನೀನು ಯಾರು?' ಎಂದ. ಅದು ಅವನ ಅಣ್ಣ ಹನುಮ. ಬಲಶಾಲಿಯ ಪಾಠ ಯಾವಾಗಲೂ ಮನೆಯವರಿಂದಲೇ ಶುರುವಾಗುತ್ತದೆ.

● ದಕ್ಷಿಣದ ದೇವಾಲಯಗಳ ಕಂಬಗಳಲ್ಲಿ ಮೇಲೆ ಮನುಷ್ಯ, ಕೆಳಗೆ ಮೃಗವಾದ ಆಕೃತಿಯೊಂದನ್ನು ಕಂಡಿದ್ದೀರಾ? ಅದು ಪುರುಷಾಮೃಗ, ಮಹಾ ಶಿವಭಕ್ತ. ಯಾಗಕ್ಕೆ ಅದನ್ನು ಕರೆತರಲು ಹೊರಟವನು ಭೀಮ. ಅದರ ಷರತ್ತು: ಗಡಿ ಮುಟ್ಟುವ ಮುನ್ನ ಹಿಡಿದರೆ ನೀನು ನನ್ನ ಆಹಾರ. ಭೀಮ ಓಡಿದ. ಹನುಮ ಕೊಟ್ಟ ಬಾಲದ ರೋಮವನ್ನು ಒಂದೊಂದಾಗಿ ಉದುರಿಸಿದ. ರೋಮ ಬಿದ್ದಲ್ಲೆಲ್ಲ ಶಿವಲಿಂಗ ಎದ್ದಿತು, ಮೃಗ ಪ್ರತಿ ಲಿಂಗಕ್ಕೂ ನಿಂತು ಪೂಜೆ ಮಾಡಿತು. ಕೊನೆಗೂ ಒಂದು ಕಾಲು ಗಡಿಯೊಳಗೆ, ಒಂದು ಕಾಲು ಹೊರಗೆ ಇದ್ದಾಗ ಸಿಕ್ಕಿಬಿದ್ದ. ಧರ್ಮರಾಯನ ತೀರ್ಪು: 'ಅರ್ಧ ದೇಹ ನಿನ್ನದು.' ತಮ್ಮನೆಂದು ನೋಡದ ಆ ನ್ಯಾಯಕ್ಕೆ ಮೆಚ್ಚಿ ಮೃಗ ಭೀಮನನ್ನು ಬಿಟ್ಟುಬಿಟ್ಟಿತು.

● ಈ ಓಟ ಇಂದಿಗೂ ನಡೆಯುತ್ತದೆ! ಕನ್ಯಾಕುಮಾರಿ ಜಿಲ್ಲೆಯಲ್ಲಿ ಶಿವರಾತ್ರಿಯಂದು ಭಕ್ತರು 'ಗೋವಿಂದಾ, ಗೋಪಾಲಾ' ಎನ್ನುತ್ತಾ 12 ಶಿವಾಲಯಗಳನ್ನು ಓಡೋಡಿ ಸುತ್ತುತ್ತಾರೆ. ಅದರ ಮೂಲಕಥೆ ಭೀಮನ ಈ ಪ್ರಾಣಭಯವೇ.

● ಜರಾಸಂಧನನ್ನು ಎಷ್ಟು ಸಲ ಸೀಳಿದರೂ ಕೂಡಿಕೊಳ್ಳುತ್ತಿದ್ದ. ಕೃಷ್ಣ ಕಡ್ಡಿಯೊಂದನ್ನು ಸೀಳಿ ತುಂಡುಗಳನ್ನು ಅದಲುಬದಲಾಗಿ ಎಸೆದು ತೋರಿಸಿದ ಎಂಬುದು ನಮ್ಮ ಯಕ್ಷಗಾನ, ಹರಿಕಥೆಗಳ ಅಚ್ಚುಮೆಚ್ಚಿನ ಘಟ್ಟ. ಭಾಗವತದ ಪ್ರಕಾರ ಆ ಕಾಳಗ 27 ದಿನ ನಡೆಯಿತು. ಬಿಹಾರದ ರಾಜಗೀರ್‌ನಲ್ಲಿ ಜರಾಸಂಧನ ಅಖಾಡವೆಂದು ಇಂದಿಗೂ ಜಾಗ ತೋರಿಸುತ್ತಾರೆ.

● ಯುದ್ಧಕ್ಕೆ ಮುಂಚೆ 'ಹೇಗಾದರೂ ಸಂಧಿ ಮಾಡಿಕೊಂಡು ಬಾ' ಎಂದು ಕೃಷ್ಣನಿಗೆ ಹೇಳಿದವರಲ್ಲಿ ಭೀಮನೂ ಒಬ್ಬ. ಕೃಷ್ಣನೇ ಬೆರಗಾಗಿ, ಬೆಟ್ಟ ಹಗುರಾಯಿತೇ, ಬೆಂಕಿ ತಣ್ಣಗಾಯಿತೇ ಎಂಬ ಧಾಟಿಯಲ್ಲಿ ಕೆಣಕಿದ. ಧೃತರಾಷ್ಟ್ರನ ನೂರು ಮಕ್ಕಳನ್ನೂ ಮುಂದೆ ಕೊಂದವನು ಅವನೇ.

● ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಅಪ್ಪಿಕೊಳ್ಳಲು ಭೀಮನನ್ನು ಕರೆದ. ಕೃಷ್ಣ ಮುಂದೆ ತಳ್ಳಿದ್ದು ಕಬ್ಬಿಣದ ಬೊಂಬೆಯನ್ನು. ಕುರುಡ ಮುದುಕನ ತೋಳಿನಲ್ಲಿ ಅದು ಪುಡಿಯಾಯಿತು. ಮಕ್ಕಳನ್ನು ಕಳೆದುಕೊಂಡ ಅಪ್ಪನ ಬಲದ ಮುಂದೆ ಭೀಮನೂ ಬದಿಗೆ ನಿಲ್ಲಬೇಕಾಯಿತು.

ಗರಡಿಯ ಮಣ್ಣು, ಊರಿನ ಗುಂಡು

● ಕುಸ್ತಿಯ ಪಟ್ಟುಗಳಲ್ಲಿ ಹಳಬರು ನಾಲ್ಕು ವರ್ಗ ಹೇಳುತ್ತಾರೆ: ಭೀಮಸೇನಿ, ಹನುಮಂತಿ, ಜಾಂಬವಂತಿ, ಜರಾಸಂಧಿ. ಭೀಮಸೇನಿಯಲ್ಲಿ ಬರೀ ಬಲ. ಸೋತ ಜರಾಸಂಧನ ಹೆಸರಿಗೂ ಒಂದು ವರ್ಗ ಕೊಟ್ಟ ಗರಡಿಯ ದೊಡ್ಡಸ್ತಿಕೆ ನೋಡಿ!

● ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮಲ್ಲರ ದರ್ಜೆ, ಅವರ ಊಟ, ಅವರ ಕಸರತ್ತು. ನಮ್ಮ 'ಜಟ್ಟಿ' ಪದದ ಬೇರು ಜ್ಯೇಷ್ಠಿಯಲ್ಲಿದೆ ಎನ್ನುವರು.

● ಮೈಸೂರು ದಸರಾದ ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿ, ಮುಷ್ಟಿಗೆ ಆಯುಧ ತೊಟ್ಟು ಇಳಿಯುತ್ತಾರೆ. ಮೊದಲ ಹನಿ ರಕ್ತ ಕಂಡೊಡನೆ ಆಟ ಮುಗಿಯಿತು.

● ಹಳ್ಳಿಯ ಗುಡಿ ಕಟ್ಟೆಯ ಬದಿಯಲ್ಲಿ ದುಂಡನೆ ಕಲ್ಲೊಂದು ಬಿದ್ದಿರುತ್ತದೆ. ಗುಂಡು ಎನ್ನಿ, ಉತ್ತರ ಕರ್ನಾಟಕದಲ್ಲಿ ಸಂಗ್ರಾಣಿ ಕಲ್ಲು. ಎತ್ತುವುದೂ ಒಂದು ವಿದ್ಯೆ. ಮೊದಲು ಅಂಗೈಗೆ ಮಣ್ಣು ತಿಕ್ಕಬೇಕು. ಕಾಲಗಲಿಸಿ ಕುಕ್ಕರಿಸಿ, ಕಲ್ಲನ್ನು ತೊಡೆಯ ಮೇಲೆ ಉರುಳಿಸಿಕೊಳ್ಳಬೇಕು. ಅಲ್ಲೊಂದು ಉಸಿರು. ಹೊಟ್ಟೆಗೆ ಒತ್ತಿ ನಿಲ್ಲಬೇಕು. ಎದೆಗೆ ಏರಿಸುವಾಗ ಕತ್ತಿನ ನರ ಹಗ್ಗದಂತಾಗುತ್ತದೆ. ಹೆಗಲಿಗೆ ಬಂದರೆ ಗೆದ್ದಂತೆ. ಹಿಂದಕ್ಕೆ ಧೊಪ್ಪನೆ ಬಿಟ್ಟಾಗ ನೆಲ ನಡುಗಿ ಸುತ್ತ ನಿಂತವರ ಅಂಗಾಲಿಗೆ ತಾಗುತ್ತದೆ. ಸಿಳ್ಳೆ ಬೀಳುವುದು ಆಮೇಲೆ.

ಕೊನೆಯ ಗುಟುಕು

● ಮಹಾಪ್ರಸ್ಥಾನದಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ ಒಬ್ಬೊಬ್ಬರಾಗಿ ಕುಸಿದರು. ಪ್ರತಿ ಬಾರಿಯೂ ನಿಂತು 'ಇವರೇಕೆ ಬಿದ್ದರು?' ಎಂದು ಅಣ್ಣನನ್ನು ಕೇಳಿದವನು ಭೀಮ. ಕೊನೆಗೆ ತಾನೇ ಬಿದ್ದಾಗ, ತನ್ನ ಕಾರಣವನ್ನೂ ಕೇಳಿದ. ಧರ್ಮರಾಯ ತಿರುಗಿಯೂ ನೋಡದೆ ಉತ್ತರ ಕೊಟ್ಟ: ಮಿತಿಮೀರಿ ಉಂಡೆ, ಬಲವನ್ನು ಕೊಚ್ಚಿಕೊಂಡೆ.

ಧರ್ಮರಾಯನ ಲೆಕ್ಕ ಅದು. ಜನಪದದ ಲೆಕ್ಕ ಬೇರೆ. ಅರಗಿನ ಮನೆಯ ಆ ರಾತ್ರಿ ಅದೇ ಅಣ್ಣ ಈ ತಮ್ಮನ ಕೈಯಲ್ಲಿ ತೂಗುತ್ತಾ ಕಾಡು ದಾಟಿದ್ದನ್ನು ಅದು ಮರೆತಿಲ್ಲ. ಹಾಗಾಗಿ ಧರ್ಮರಾಯ ಸ್ವರ್ಗಕ್ಕೆ ಹೋದ. ಭೀಮ ಕೈವಾರದಲ್ಲಿ, ದುರ್ಗದಲ್ಲಿ, ಮಾಣಾದ ಹೊಳೆಯ ಮೇಲೆ, ದೋಲಖಾದ ಬೆವರಿನಲ್ಲಿ ಉಳಿದುಕೊಂಡ. ಮುಂದಿನ ಸಲ ಬಂಡೆಯ ಮೇಲೊಂದು ಬಂಡೆ ಕಂಡರೆ ಯಾರು ಇಟ್ಟರೆಂದು ನೀವು ಕೇಳಬೇಕಾಗಿಲ್ಲ. ಯಾರಿಗಾಗಿ ಇಟ್ಟ ಎಂದು ಕೇಳಿ. ಕುರಿ ಕಾಯುವವರ ಬಳಿ ಅದಕ್ಕೂ ಒಂದು ಕಥೆ ಇದ್ದೇ ಇರುತ್ತದೆ.